ಎರಡನೇ ಜೊತೆ ಗ್ಲೌಸು

ಭಾರತದ ವಿಕೆಟ್ ಕೀಪರುಗಳ ಹೆಸರು ಹೇಳಿ ಅಂತ ಕೇಳಿದರೆ ಮೊದಲು ಬರೋದು ಧೋನಿ. ಆಮೇಲೆ ಪಂತ್, ರಾಹುಲ್. ಸ್ವಲ್ಪ ಹಳಬರಾದರೆ ಮೋಂಗಿಯಾ, ಕಿರಣ್ ಮೋರೆ ಅಂತೀರಿ. ಇನ್ನೂ ಹಳಬರಾದರೆ ಕಿರ್ಮಾನಿ, ಆ ನುಣ್ಣನೆಯ ತಲೆಯ ಸಮೇತ ನೆನಪಾಗುತ್ತಾರೆ. ಅದಕ್ಕೂ ಹಿಂದೆ ಹೋದರೆ ಫರೋಖ್ ಇಂಜಿನಿಯರ್, ಬ್ರಿಲ್‌ಕ್ರೀಮ್ ಜಾಹೀರಾತಿನ ಕೂದಲಿನವರು. ಅಲ್ಲಿಗೆ ಪಟ್ಟಿ ಮುಗೀತು. ಬುಧಿ ಕುಂದರನ್ ಅಂತ ಹೇಳಿದವರನ್ನು ನಾನಂತೂ ಇದುವರೆಗೆ ನೋಡಿಲ್ಲ. ನಮ್ಮ ಜಿಲ್ಲೆಯವರೇ ಹೇಳಿಲ್ಲ ಅಂದ ಮೇಲೆ ಉಳಿದವರನ್ನು ಎಂತ ದೂರೋದು!

ಹೌದು ಸ್ವಾಮೀ, ನಮ್ಮ ಜಿಲ್ಲೆಯವರು. ಬುಧಿಸಾಗರ ಕೃಷ್ಣಪ್ಪ ಕುಂದರನ್ ಹುಟ್ಟಿದ್ದು ಮೂಲ್ಕಿಯಲ್ಲಿ, 1939ರ ಅಕ್ಟೋಬರ್ 2ರಂದು. ವಿಟ್ಲದಿಂದ ಕಲ್ಲಡ್ಕ, ಬಿ.ಸಿ. ರೋಡು, ಮಂಗಳೂರು, ಸುರತ್ಕಲ್ ದಾಟಿ ಹೋದರೆ ಮೂಲ್ಕಿ. ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಕುಂದರ್ ಎಂಬ ಹೆಸರಿನವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಹೆಸರು ಕೇಳಿದರೇ ಮೀನಿನ ದಕ್ಕೆ, ಪರ್ಸೀನ್ ಬೋಟು ಇವೆಲ್ಲ ಕಣ್ಣ ಮುಂದೆ ಬರುತ್ತವೆ. ಆದರೆ ಬ್ರೆಬೋರ್ನ್ ಸ್ಟೇಡಿಯಮ್ ಬರುವುದಿಲ್ಲ. ಗಾಂಧಿ ಜಯಂತಿಯ ದಿನ ಹುಟ್ಟಿದ ಈ ಮನುಷ್ಯ ಚೆಂಡಿನ ವಿಷಯದಲ್ಲಿ ಮಾತ್ರ ಅಹಿಂಸೆಯನ್ನು ಸ್ವಲ್ಪವೂ ಪಾಲಿಸಲಿಲ್ಲ :-)

ಕರಾವಳಿಯ ಎಷ್ಟೋ ಕುಟುಂಬಗಳ ಹಾಗೆ ಇವರೂ ಬೆಳೆದದ್ದು ಮುಂಬಯಿಯಲ್ಲಿ. 1960ರ ಜನವರಿ 1ರಂದು ಬ್ರೆಬೋರ್ನ್‌ನಲ್ಲಿ ಆಸ್ಟ್ರೇಲಿಯಾದ ಎದುರು ಮೊದಲ ಟೆಸ್ಟ್. ವಯಸ್ಸು ಇಪ್ಪತ್ತು. ಅಷ್ಟು ಹೊತ್ತಿಗೆ ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ! ಹಿಂದಿನ ರಾತ್ರಿ ಮನೆಯಲ್ಲಿ ಜಾಗ ಸಾಲದೆ ಪಾರ್ಕಿನಲ್ಲಿ ಮಲಗಿದ್ದರಂತೆ. ಸ್ವಂತ ಕೀಪಿಂಗ್ ಗ್ಲೌಸು ಕೂಡ ಇರಲಿಲ್ಲವಂತೆ. ಆಗಿನ ಇನ್ನೊಬ್ಬ ಕೀಪರ್ ನರೇನ್ ತಮ್ಹಾಣೆ ತಮ್ಮ ಗ್ಲೌಸು ಕೊಟ್ಟರಂತೆ. ಆ ಕೈಗಳನ್ನು ಒಮ್ಮೆ ಯೋಚನೆ ಮಾಡಿ ನೋಡಿ. ದೇಶಕ್ಕೆ ಆಡಲು ಹೋಗುವವನು, ತಾನು ಯಾರ ಜಾಗಕ್ಕೆ ಬಂದನೋ ಅವರದೇ ಗ್ಲೌಸಿನೊಳಗೆ ಕೈ ತೂರಿಸಿಕೊಂಡು ಹೋಗುತ್ತಾನೆ.

ಮುಂದಿನ ಟೆಸ್ಟ್ ಮದ್ರಾಸಿನಲ್ಲಿ. ಇನಿಂಗ್ಸ್ ಆರಂಭಿಸಲು ಇವರನ್ನೇ ಕಳಿಸಿದರು. ತಂಡ 149ಕ್ಕೆ ಗಂಟುಮೂಟೆ ಕಟ್ಟಿತು, ಅದರಲ್ಲಿ 71 ಇವರದ್ದು. ಬೆನೋನ ಆಸ್ಟ್ರೇಲಿಯಾ ಅದು, ನೆನಪಿರಲಿ. ಆಮೇಲೆ ಬಂದ ರಣಜಿಯ ಮೊದಲ ಪಂದ್ಯದಲ್ಲಿ, ರೈಲ್ವೇಸ್ ಪರವಾಗಿ ಜಮ್ಮು-ಕಾಶ್ಮೀರದ ಎದುರು 205. ಮೊದಲು ಎಂಜಿನಿಯರಿಂಗ್ ಮುಗಿಸಿ ಆಮೇಲೆ ಎಲ್‌ಕೇಜಿ ಸೇರಿದ ಹಾಗೆ!

ಇಲ್ಲಿವರೆಗಿನ ಕತೆ ನೋಡಿದರೆ ಹುಡುಗ ಗೆದ್ದ ಅಂತಲೇ ಅನಿಸುತ್ತದೆ ಅಲ್ವಾ?

1961ರ ಡಿಸೆಂಬರ್ 1ರಂದು ಕಾನ್ಪುರದಲ್ಲಿ, ಇಂಗ್ಲೆಂಡಿನ ಎದುರು, ಫರೋಖ್ ಇಂಜಿನಿಯರ್ ಎಂಬ ಮುಂಬಯಿಯ ಪಾರ್ಸಿ ಯುವಕ ಮೊದಲ ಟೆಸ್ಟ್ ಆಡಿದ. ಬೆಂಗಳೂರಿನಲ್ಲಿ ಕಲ್ಲು ಎಸೆದರೆ ಇಂಜಿನಿಯರ್ ಮೇಲೇ ಬೀಳುತ್ತದೆ ಅಂತ ತಮಾಷೆ ಮಾಡ್ತೇವೆ. ಕುಂದರನ್ ದಾರಿಗೆ ಅಡ್ಡ ಬಂದದ್ದು ಒಬ್ಬನೇ ಇಂಜಿನಿಯರ್, ಆದರೆ ಅವನೊಬ್ಬನೇ ಸಾಕಾಗಿದ್ದ.

* * *

ಕ್ರಿಕೆಟ್ ತಂಡದಲ್ಲಿ ಉಳಿದ ಎಲ್ಲ ಜಾಗಗಳಿಗೂ ಕೀಪರನ ಜಾಗಕ್ಕೂ ಒಂದು ವ್ಯತ್ಯಾಸ ಉಂಟು. ಎರಡನೇ ಸ್ಪಿನ್ನರ್ ಮೊದಲನೆಯವನ ಜೊತೆಗೇ ಆಡಬಹುದು. ಮೂರನೇ ವೇಗದ ಬೌಲರಿಗೂ ಜಾಗ ಉಂಟು. ಆರು ಜನ ಬ್ಯಾಟ್ಸ್‌ಮನ್‌ಗಳು ಒಟ್ಟಿಗೆ ಇರಬಹುದು. ಕೀಪರ್ ಮಾತ್ರ ಒಬ್ಬನೇ. ಸ್ಟಂಪಿನ ಹಿಂದೆ ಇಬ್ಬರು ಕೂರುವ ಹಾಗಿಲ್ಲ. ಆದ್ದರಿಂದ ದೇಶದಲ್ಲೇ ಎರಡನೇ ಅತ್ಯುತ್ತಮ ಬ್ಯಾಟ್ಸ್‌ಮನ್ ಆದರೆ ನೀವು ಸ್ಟಾರ್, ದೇಶದಲ್ಲೇ ಎರಡನೇ ಅತ್ಯುತ್ತಮ ಕೀಪರ್ ಆದರೆ ನೀರಿನ ಬಾಟಲಿ ಹೊರುವವನು.

ಆದರೂ ಇವನಿಲ್ಲದೆ ಪ್ರವಾಸ ಹೊರಡುವುದಿಲ್ಲ. ಯಾಕೆಂದರೆ ದಿನಕ್ಕೆ 90 ಓವರ್ ಅಂದರೆ 540 ಎಸೆತ. ಅಷ್ಟಕ್ಕೂ ಕೂತು ಎದ್ದು, ಕೂತು ಎದ್ದು ಮಾಡುವವನ ಒಂದು ಬೆರಳು ಯಾವಾಗ ಮುರಿಯುತ್ತದೋ ಹೇಳೋದಕ್ಕಾಗಲ್ಲ. ಹಿಂದೆಲ್ಲ ನಿಯಮವೂ ಕಠಿಣ ಇತ್ತು. ಕೀಪರಿಗೆ ಏಟು ಬಿದ್ದರೆ ಬದಲಿ ಆಟಗಾರ ಫೀಲ್ಡಿಂಗ್ ಮಾಡಬಹುದಿತ್ತು, ಕೀಪಿಂಗ್ ಮಾಡುವಂತಿರಲಿಲ್ಲ. ಹನ್ನೊಂದು ಜನರಲ್ಲೇ ಯಾರೋ ಒಬ್ಬ ಪ್ಯಾಡು ಕಟ್ಟಬೇಕಿತ್ತು. 1986ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಬ್ರೂಸ್ ಫ್ರೆಂಚ್‌ಗೆ ಹ್ಯಾಡ್ಲಿಯ ಚೆಂಡು ಬಡಿದಾಗ, ಆಗಲೇ ನಿವೃತ್ತರಾಗಿದ್ದ ಬಾಬ್ ಟೇಲರ್ ಬಂದು ಕೀಪಿಂಗ್ ಮಾಡಿದ್ದು ನ್ಯೂಜಿಲೆಂಡ್ ನಾಯಕ ಜೆರೆಮಿ ಕೋನಿ ದೊಡ್ಡ ಮನಸ್ಸು ಮಾಡಿ ಒಪ್ಪಿದ್ದರಿಂದ. 2017ರ ಹೊಸ ನಿಯಮಾವಳಿಯಲ್ಲಿ, ಅಂಪೈರ್ ಒಪ್ಪಿದರೆ ಬದಲಿ ಆಟಗಾರನೂ ಕೀಪಿಂಗ್ ಮಾಡಬಹುದು ಅಂತಾಯಿತು. 2025ರಲ್ಲಿ ಲಾರ್ಡ್ಸ್‌ನಲ್ಲಿ ಪಂತ್ ಬೆರಳಿಗೆ ಏಟಾದಾಗ ಧ್ರುವ್ ಜುರೆಲ್ ಬಂದು ನಿಂತದ್ದು ಹಾಗೆ. ಚೆಂಡು ಹಿಡಿಯಬಹುದು, ಬ್ಯಾಟು ಹಿಡಿಯುವ ಹಾಗಿಲ್ಲ. ಆಡಿದ ಟೆಸ್ಟ್‌ಗಳ ಲೆಕ್ಕದಲ್ಲಿ ಅದು ಸೇರುವುದೂ ಇಲ್ಲ. ಬೆವರು ಮಾತ್ರ ಲೆಕ್ಕಕ್ಕೆ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ಎರಡನೆಯವನದ್ದು ಒಂದು ಪೂರ್ಣಾವಧಿ ವೃತ್ತಿಯೇ. ಬ್ಯಾಕಪ್ ಕ್ಯಾಚರ್ ಅಂತ ಕರೆಯುತ್ತಾರೆ. ವಾರಕ್ಕೆ ಒಂದೋ ಎರಡೋ ಪಂದ್ಯ ಆಡುವುದು, ಉಳಿದ ದಿನ ಎಸೆತಗಾರರನ್ನು ಬೆಚ್ಚಗೆ ಇಡುವುದು, ಹೀಗೇ ಹತ್ತು ಹದಿನೈದು ವರ್ಷ ಬಾಳಿದವರಿದ್ದಾರೆ. ಮೋ ಬರ್ಗ್ ಎಂಬೊಬ್ಬ 1923ರಿಂದ 1939ರ ನಡುವೆ ಹದಿನೈದು ಸೀಸನ್‌ಗಳಲ್ಲಿ ಆಡಿದ್ದು ಒಟ್ಟು 663 ಪಂದ್ಯ. ಪ್ರಿನ್ಸ್‌ಟನ್‌ನಲ್ಲಿ ಓದಿದವನು, ಹಲವು ಭಾಷೆ ಬಲ್ಲವನು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರನಾಗಿ, 1944ರ ಡಿಸೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ವಿಜ್ಞಾನಿ ಹೈಸನ್‌ಬರ್ಗ್ ಭಾಷಣ ಕೇಳಲು ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಕೂತಿದ್ದ. ಜರ್ಮನಿ ಬಾಂಬಿನ ಹತ್ತಿರ ಬಂದಿದೆ ಅನಿಸಿದರೆ ಗುಂಡು ಹಾರಿಸಬೇಕಿತ್ತು. ಅನಿಸಲಿಲ್ಲ, ಸುಮ್ಮನೆ ಎದ್ದು ಬಂದ. ಬೆಂಚಿನಲ್ಲಿ ಕೂತು ಗಮನಿಸುವುದು, ಬೇಕಾದರೆ ಮಾತ್ರ ಏಳುವುದು... ಇಷ್ಟು ವರ್ಷದ ಅಭ್ಯಾಸ ಅವನಿಗೆ ಅಲ್ಲಿ ಉಪಯೋಗಕ್ಕೆ ಬಂದಿರಬೇಕು!

ನಮ್ಮ ಯಕ್ಷಗಾನದ ಚೌಕಿಯಲ್ಲೂ ಇಂಥವರಿದ್ದಾರಲ್ಲ. ಸಂಜೆ ಪೂರ್ವರಂಗಕ್ಕೆ ಹಾಡುವುದು ಇನ್ನೂ ಕಲಿಯುತ್ತಿರುವ ಹುಡುಗ. ಕೋಡಂಗಿ, ಬಾಲಗೋಪಾಲರು ಕುಣಿಯುವ ಹೊತ್ತಿಗೆ ಎದುರಿಗೆ ನಾಲ್ಕು ಮಕ್ಕಳು, ಚರುಮುರಿಯವನು, ನಿದ್ದೆ ಬಾರದ ಒಬ್ಬ ಅಜ್ಜ. ಜನ ತುಂಬಿದ ಮೇಲೆ ದೊಡ್ಡ ಭಾಗವತರು ಬಂದು ಜಾಗಟೆ ಕೈಗೆ ತೆಗೆದುಕೊಳ್ಳುತ್ತಾರೆ. ಹುಡುಗ ಎದ್ದು ಪಕ್ಕಕ್ಕೆ ಸರಿಯುತ್ತಾನೆ. ಅವನಿಗೂ ಅದೇ ಪದ ಬರುತ್ತದೆ, ಅದೇ ತಾಳ ಗೊತ್ತು. ಆದರೆ ಆ ಮಂಚದಲ್ಲಿ ಭಾಗವತರು ಒಬ್ಬರೇ.

* * *

ಇದನ್ನೆಲ್ಲ ಯಾಕೆ ಹುಡುಕುತ್ತಾ ಕೂತೆ ಅಂತ ಹೇಳಿಬಿಡ್ತೇನೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ 'ಆನ್-ಕಾಲ್' ಅಂತ ಒಂದು ವ್ಯವಸ್ಥೆ. ರಾತ್ರಿ ಸರ್ವರ್ ಬಿದ್ದರೆ ಮೊದಲು ಪ್ರೈಮರಿಯ ಫೋನ್ ಬಡಿದುಕೊಳ್ಳುತ್ತದೆ. ಅವನು ಹದಿನೈದು ನಿಮಿಷದೊಳಗೆ ಎತ್ತದಿದ್ದರೆ ಸೆಕೆಂಡರಿಗೆ ಬರುತ್ತದೆ. ಆ ಸೆಕೆಂಡರಿ ನಾನು. ಮೂರು ವರ್ಷವಾಯಿತು. ನಮ್ಮ ಪ್ರೈಮರಿ ಒಳ್ಳೆಯವನು, ಜಾಣ, ಹದಿನೈದು ನಿಮಿಷ ಬಿಡಿ, ಎರಡೇ ನಿಮಿಷದಲ್ಲಿ ಎತ್ತುತ್ತಾನೆ. ಹಾಗಾಗಿ ನನಗೆ ಕೆಲಸವೇ ಇಲ್ಲ ಅಂದುಕೊಳ್ಳಬೇಡಿ. ಅವನಿಗೆ ಗೊತ್ತಿರುವುದೆಲ್ಲ ನನಗೂ ಗೊತ್ತಿರಬೇಕು. ಅವನು ಓದುವ ಲಾಗ್‌ಗಳನ್ನೆಲ್ಲ ನಾನೂ ಓದಬೇಕು. ನನ್ನ ವಾರ ಬಂದರೆ ಊರಿಗೆ ಹೋಗುವ ಹಾಗಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ತೋಟದ ಮೇಲಿನ ಬರೆ ಹತ್ತಬೇಕು. ಅಲ್ಲೂ ಎರಡೇ ಕಡ್ಡಿ. ಕಳೆದ ವರ್ಷ ಮನೆಯಲ್ಲಿ ಪೂಜೆ ಇದ್ದದ್ದು ಇಂಥದ್ದೇ ಒಂದು ವಾರದಲ್ಲಿ. ನಾನು ಬೆಂಗಳೂರಿನ ರೂಮಿನಲ್ಲಿ ಫೋನ್ ನೋಡುತ್ತಾ ಕೂತಿದ್ದೆ. ಅದು ಬಡಿದುಕೊಳ್ಳಲೇ ಇಲ್ಲ.

ಸೋದರಮಾವ ಒಮ್ಮೆ ಕೇಳಿದರು, "ಅಲ್ಲ ಮಾರಾಯ, ನೀನು ಅಲ್ಲಿ ಮಾಡುವುದು ಎಂತ?"

"ಇನ್ನೊಬ್ಬನಿಗೆ ಆಗದಿದ್ದರೆ ನಾನು ಮಾಡಬೇಕು ಮಾವ."

"ಅವನಿಗೆ ಆಗ್ತದಾ?"

"ಆಗ್ತದೆ."

"ಹಾಗಾದ್ರೆ ಸಂಬಳ ಎಂತಕ್ಕೆ ಕೊಡ್ತಾರೆ?" ಅಂತ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಹೋಗಲಿಲ್ಲ.

ಡೇಟಾಬೇಸಿನವರಿಗೆ 'ಹಾಟ್ ಸ್ಟ್ಯಾಂಡ್‌ಬೈ' ಗೊತ್ತಿರುತ್ತದೆ. ಮುಖ್ಯ ಯಂತ್ರದಲ್ಲಿ ಬರೆದದ್ದೆಲ್ಲ ಕ್ಷಣಾರ್ಧದಲ್ಲಿ ಇದರಲ್ಲೂ ಬರೆಯಲ್ಪಡುತ್ತದೆ. ಮುಖ್ಯದ್ದು ಸತ್ತರೆ ಇದು ಎದ್ದು ಕೂರುತ್ತದೆ, ಬಳಸುವವರಿಗೆ ವ್ಯತ್ಯಾಸವೇ ಗೊತ್ತಾಗಬಾರದು. ಯಂತ್ರಗಳಿಗೆ ಒಂದು ಸೌಕರ್ಯ ಉಂಟು. ಎದ್ದು ಕೂತ ಸ್ಟ್ಯಾಂಡ್‌ಬೈ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದನ್ನೇ ಮುಖ್ಯ ಯಂತ್ರ ಮಾಡಿಬಿಡ್ತೇವೆ, ಹಳೆಯದ್ದು ರಿಪೇರಿಯಾಗಿ ಬಂದು ಸ್ಟ್ಯಾಂಡ್‌ಬೈ ಆಗುತ್ತದೆ. ಮನುಷ್ಯರಲ್ಲಿ ಹಾಗೆ ನಡೆಯುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ. ಕುಂದರನ್ ಕತೆಯ ಮುಂದಿನ ಭಾಗ ನನ್ನನ್ನು ಕಾಡಿದ್ದು ಇದಕ್ಕೇ.

* * *

1964ರ ಜನವರಿ. ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಿದೆ. ಮದ್ರಾಸಿನ ಮೊದಲ ಟೆಸ್ಟಿಗೆ ಕೀಪರ್ ಆಗಬೇಕಿದ್ದದ್ದು ಇಂಜಿನಿಯರ್. ಆದರೆ ಅವರು ಆಡುವ ಸ್ಥಿತಿಯಲ್ಲಿರಲಿಲ್ಲ. ಸ್ಟ್ಯಾಂಡ್‌ಬೈಗೆ ಕರೆ ಬಂತು.

ಕುಂದರನ್ ಇನಿಂಗ್ಸ್ ಆರಂಭಿಸಲು ಹೋದರು. ಮೊದಲ ದಿನದ ಆಟ ಮುಗಿದಾಗ ಅವರು ಔಟಾಗದೆ 170! ಮರುದಿನ ಔಟಾದಾಗ 192. ಅದರಲ್ಲಿ 31 ಬೌಂಡರಿ. ಭಾರತದ ವಿಕೆಟ್ ಕೀಪರ್ ಒಬ್ಬ ಟೆಸ್ಟ್‌ನಲ್ಲಿ ಶತಕ ಹೊಡೆದದ್ದು ಅದೇ ಮೊದಲು. ಆ 192 ಭಾರತದ ಕೀಪರ್ ಒಬ್ಬನ ಗರಿಷ್ಠ ಮೊತ್ತವಾಗಿ ಎಷ್ಟು ವರ್ಷ ಉಳಿಯಿತು ಗೊತ್ತಾ? 2013ರ ಫೆಬ್ರವರಿವರೆಗೆ. ಧೋನಿ ಆಸ್ಟ್ರೇಲಿಯಾದ ಎದುರು 224 ಹೊಡೆದು ಅದನ್ನು ಮುರಿದರು. ಅದೂ ಮದ್ರಾಸಿನಲ್ಲೇ, ಅಂದರೆ ಚೆನ್ನೈಯಲ್ಲಿ. ನಲವತ್ತೊಂಬತ್ತು ವರ್ಷ!

ತಮಾಷೆ ಕೇಳಿ. ಆ ಪಂದ್ಯವನ್ನು ಕ್ರಿಕೆಟ್ ಪ್ರೇಮಿಗಳು ಈಗಲೂ ನೆನಪಿಟ್ಟುಕೊಂಡಿದ್ದಾರೆ. ಆದರೆ ನೆನಪಿಟ್ಟದ್ದು ಬಾಪು ನಾಡಕರ್ಣಿಯವರಿಗೋಸ್ಕರ. ಅವರು ಒಂದರ ಹಿಂದೆ ಒಂದರಂತೆ 21 ಮೇಡನ್ ಓವರ್ ಹಾಕಿದ್ದು ಅಲ್ಲೇ. 32 ಓವರ್, 27 ಮೇಡನ್, 5 ರನ್. ರನ್ನೇ ಕೊಡದ ಮನುಷ್ಯ ನೆನಪಿನಲ್ಲಿ ಉಳಿದರು, ದಿನವಿಡೀ ರನ್ ಹೊಡೆದ ಮನುಷ್ಯ ಮರೆತುಹೋದರು.

ಅಷ್ಟಕ್ಕೇ ನಿಲ್ಲಲಿಲ್ಲ. ದೆಹಲಿ ಟೆಸ್ಟ್‌ನಲ್ಲಿ ಇನ್ನೊಂದು ಶತಕ. ಐದೂ ಟೆಸ್ಟ್ ಡ್ರಾ ಆದ ಆ ಸರಣಿಯಲ್ಲಿ ಕುಂದರನ್ ಗಳಿಸಿದ್ದು ಒಟ್ಟು 525 ರನ್. ಕೀಪಿಂಗ್ ಮಾಡಿಕೊಂಡು, ಇನಿಂಗ್ಸ್ ಆರಂಭಿಸಿಕೊಂಡು 525! ಒಬ್ಬ ಮನುಷ್ಯ ತಾನು ಸಾಕು ಅಂತ ತೋರಿಸಲು ಇದಕ್ಕಿಂತ ಹೆಚ್ಚು ಎಂತ ಮಾಡಬೇಕು?

ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ಬಂತು. ಮೂರು ಟೆಸ್ಟ್. ಕೀಪರ್ ಕುಂದರನ್ ಅಲ್ಲ, ಇಂಜಿನಿಯರ್ ಕೂಡ ಅಲ್ಲ. ಕೆ.ಎಸ್. ಇಂದ್ರಜಿತ್‌ಸಿಂಹಜಿ! 1965ರಲ್ಲಿ ನ್ಯೂಜಿಲೆಂಡ್ ಬಂದಾಗ ಇಂಜಿನಿಯರ್ ವಾಪಸ್. ಕುಂದರನ್‌ಗೆ ಮತ್ತೆ ಬಾಗಿಲು ತೆರೆದದ್ದು 1966ರ ಡಿಸೆಂಬರಿನಲ್ಲಿ, ವೆಸ್ಟ್ ಇಂಡೀಸ್ ಬಂದಾಗ. ಬಾಂಬೆ ಟೆಸ್ಟ್‌ನಲ್ಲಿ ಸೋಬರ್ಸ್, ಹಾಲ್, ಗ್ರಿಫಿತ್ ಇದ್ದ ತಂಡದ ಎದುರು ವೇಗವಾಗಿ 79 ಹೊಡೆದರು. ಆದರೆ ಮೂರನೇ ಟೆಸ್ಟಿಗೆ ಮತ್ತೆ ಇಂಜಿನಿಯರ್. ಅವರು ಮದ್ರಾಸಿನಲ್ಲಿ ಮೊದಲ ದಿನ ಊಟದ ವಿರಾಮಕ್ಕೆ ಮೊದಲೇ 94 ಹೊಡೆದುಬಿಟ್ಟರು. ಇನ್ನು ಯಾರು ಎಂತ ಹೇಳಲಿಕ್ಕುಂಟು?

ಇಂಜಿನಿಯರ್ ಬಗ್ಗೆ ನನಗೆ ಸಿಟ್ಟಿಲ್ಲ. ಅವರು 46 ಟೆಸ್ಟ್ ಆಡಿದರು, ಸರಾಸರಿ 31ರ ಮೇಲೆ, ಎರಡು ಶತಕ. ಕುಂದರನ್ 18 ಟೆಸ್ಟ್, 981 ರನ್, ಸರಾಸರಿ 32.70, ಎರಡು ಶತಕ. ಈ ಎರಡು ಸಾಲು ಪಕ್ಕಪಕ್ಕ ಇಟ್ಟರೆ ಯಾರು ಮೊದಲನೆಯವರು ಯಾರು ಎರಡನೆಯವರು ಅಂತ ಹೇಳಲು ಸಾಧ್ಯವಾ? ಸ್ಪಿನ್ನಿಗೆ ಸ್ಟಂಪಿನ ಹತ್ತಿರ ನಿಂತು ಹಿಡಿಯುವುದರಲ್ಲಿ ಇಂಜಿನಿಯರ್ ಒಂದು ಕೈ ಮೇಲು ಅಂತ ಬಲ್ಲವರು ಹೇಳುತ್ತಾರೆ. ಇರಬಹುದು. ಆಯ್ಕೆ ಮಾಡುವವರ ಮನಸ್ಸಿನಲ್ಲಿ ಒಮ್ಮೆ 'ಅವನು ಮೊದಲನೆಯವ, ಇವನು ಎರಡನೆಯವ' ಅಂತ ಕೂತ ಮೇಲೆ, ಎರಡನೆಯವ 525 ಹೊಡೆದರೂ ಅದು 'ಸಮಯಕ್ಕೆ ಒದಗಿದ' ಅಂತ ಲೆಕ್ಕ. ಮೊದಲನೆಯವ ಹೊಡೆದರೆ 'ಅದು ಅವನ ಜಾಗ' ಅಂತ ಲೆಕ್ಕ.

ಕೊನೆಯ ಅಂಕ 1967ರ ಇಂಗ್ಲೆಂಡ್ ಪ್ರವಾಸ. ಲಾರ್ಡ್ಸ್‌ನಲ್ಲಿ ಎರಡನೇ ಇನಿಂಗ್ಸ್‌ನಲ್ಲಿ ಭಾರತ 110ಕ್ಕೆ ಆಲೌಟ್. ಅದರಲ್ಲಿ ಅತಿ ಹೆಚ್ಚು ರನ್ ಕುಂದರನ್‌ದೇ, 47. ಮುಂದಿನ ಎಜ್‌ಬಾಸ್ಟನ್ ಟೆಸ್ಟ್ ಇನ್ನೊಂದು ಕಾರಣಕ್ಕೆ ಪ್ರಸಿದ್ಧ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಒಂದೇ ಒಂದು ಟೆಸ್ಟ್ ಅದು. ವೇಗದ ಬೌಲರುಗಳು ಗಾಯಗೊಂಡು ಕೂತಿದ್ದರು. ಹಾಗಾದರೆ ಹೊಸ ಚೆಂಡು ಯಾರ ಕೈಗೆ? ಒಂದು ಕಡೆಯಿಂದ ನಮ್ಮ ಮೈಸೂರಿನ ವಿ. ಸುಬ್ರಹ್ಮಣ್ಯ, ಇನ್ನೊಂದು ಕಡೆಯಿಂದ... ಕುಂದರನ್! ಎಂತ ಬೌಲಿಂಗ್ ಹಾಕ್ತೀ ಅಂತ ನಾಯಕ ಪಟೌಡಿ ಕೇಳಿದ್ದಕ್ಕೆ, ತನಗೂ ಗೊತ್ತಿಲ್ಲ ಅಂದರಂತೆ. ಕೀಪಿಂಗ್ ಗ್ಲೌಸು ಇಂಜಿನಿಯರ್ ಕೈಯಲ್ಲಿ. ಕೀಪರ್ ಆಗಿ ಬಂದ ಮನುಷ್ಯ ತನ್ನ ಕೊನೆಯ ಟೆಸ್ಟ್‌ನಲ್ಲಿ ಬ್ಯಾಟಿಂಗೂ ಆರಂಭಿಸಿದರು, ಬೌಲಿಂಗೂ ಆರಂಭಿಸಿದರು. ತನ್ನ ಕೆಲಸ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರು.

ನಮ್ಮ ಫೀಲ್ಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ;-)

* * *

ಈಗ ಕಿರ್ಮಾನಿಯವರ ಕಡೆ ಬರ್ತೇನೆ. ಯಾಕೆಂದರೆ 'ಕಾದವನಿಗೆ ಸಿಕ್ಕೇ ಸಿಗುತ್ತದೆ' ಅನ್ನುವವರಿಗೆ ಅವರೇ ಸಾಕ್ಷಿ. ಮೈಸೂರು ತಂಡದ ಹುಡುಗ ಸೈಯದ್ ಕಿರ್ಮಾನಿ 1971ರಲ್ಲಿ ಇಂಗ್ಲೆಂಡಿಗೆ ಹೋದರು, ಮೀಸಲು ಕೀಪರ್ ಆಗಿ. ಆಡಲಿಲ್ಲ. 1974ರಲ್ಲಿ ಮತ್ತೆ ಹೋದರು, ಮತ್ತೆ ಟೆಸ್ಟ್ ಆಡಲಿಲ್ಲ. ಎದುರಿಗೆ ಅದೇ ಇಂಜಿನಿಯರ್! ಕೊನೆಗೆ 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಮೊದಲ ಟೆಸ್ಟ್ ಸಿಕ್ಕಿತು. ಎರಡನೇ ಟೆಸ್ಟ್‌ನಲ್ಲೇ ಒಂದು ಇನಿಂಗ್ಸ್‌ನಲ್ಲಿ ಆರು ಬಲಿ ಪಡೆದು ಆಗಿನ ವಿಶ್ವದಾಖಲೆ ಸರಿಗಟ್ಟಿದರು. ಆಮೇಲೆ 88 ಟೆಸ್ಟ್, 198 ಬಲಿ, 1983ರ ವಿಶ್ವಕಪ್. ಐದು ವರ್ಷದ ಕಾಯುವಿಕೆಗೆ ಬಡ್ಡಿ ಸಮೇತ ಸಿಕ್ಕಿತು.

ಅದೇ 1971ರ ಇಂಗ್ಲೆಂಡ್ ಪ್ರವಾಸದಲ್ಲಿ ಹೈದರಾಬಾದಿನ ಪಿ. ಕೃಷ್ಣಮೂರ್ತಿಯವರೂ ಇದ್ದರು. ಆ ವರ್ಷದ ಆರಂಭದಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಭಾರತ ಮೊದಲ ಬಾರಿಗೆ ಸರಣಿ ಗೆದ್ದಾಗ ಐದೂ ಟೆಸ್ಟ್‌ನಲ್ಲಿ ಕೀಪಿಂಗ್ ಮಾಡಿದವರು ಅವರು. ಗವಾಸ್ಕರ್ 774 ರನ್ ಹೊಡೆದ ಸರಣಿ. ಕೃಷ್ಣಮೂರ್ತಿ ಆಮೇಲೆ ಒಂದೂ ಟೆಸ್ಟ್ ಆಡಲಿಲ್ಲ. ಅವರೂ ಕಾದಿದ್ದರು ತಾನೆ?

ಹಾಗಾದರೆ ಕಿರ್ಮಾನಿಗೆ ಸಿಕ್ಕಿದ್ದು ಕುಂದರನ್‌ಗೆ ಯಾಕೆ ಸಿಗಲಿಲ್ಲ? ತಾಳ್ಮೆ ಕಡಿಮೆ ಇತ್ತಾ? ಪ್ರತಿಭೆ ಕಡಿಮೆ ಇತ್ತಾ? ನನಗೆ ಹಾಗನ್ನಿಸುವುದಿಲ್ಲ. ಹುಟ್ಟಿದ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿದೆ. ಇಂಜಿನಿಯರ್ 1938ರ ಫೆಬ್ರವರಿ. ಕುಂದರನ್ 1939ರ ಅಕ್ಟೋಬರ್. ಕಿರ್ಮಾನಿ 1949ರ ಡಿಸೆಂಬರ್. ಇಷ್ಟೇ ವಿಷಯ! ಕಿರ್ಮಾನಿ ಕಾದದ್ದು ತನಗಿಂತ ಸುಮಾರು ಹನ್ನೆರಡು ವರ್ಷ ದೊಡ್ಡವರ ಹಿಂದೆ. ಅವರು ಸುಸ್ತಾಗುವ ಹೊತ್ತಿಗೆ ಇವರು ಪ್ರಾಯಕ್ಕೆ ಬಂದರು. ಕುಂದರನ್ ನಿಂತದ್ದು ಒಂದೂವರೆ ವರ್ಷವಷ್ಟೇ ದೊಡ್ಡವರ ಹಿಂದೆ. ಅವರ ಮೊಣಕಾಲು ಸವೆಯುವಾಗ ಇವರದ್ದೂ ಸವೆದಿರುತ್ತದೆ. ದೊಡ್ಡವರ ಹಿಂದೆ ನಿಂತರೆ ಅದು ಸರತಿ ಸಾಲು. ಓರಗೆಯವರ ಹಿಂದೆ ನಿಂತರೆ ಅದು ಬರೀ ನಿಲ್ಲುವುದು. ಹೊರಗಿನಿಂದ ನೋಡುವವರಿಗೆ ಎರಡೂ 'ತಾಳ್ಮೆ' ಅಂತಲೇ ಕಾಣುತ್ತದೆ.

ನನಗೆ ಇಪ್ಪತ್ತೆಂಟು. ನಮ್ಮ ಪ್ರೈಮರಿಗೆ ಮೂವತ್ತು.

* * *

ಕುಂದರನ್ ಆಮೇಲೆ ಎಂತ ಮಾಡಿದರು? ರಣಜಿಯಲ್ಲಿ ಮೈಸೂರಿಗೆ ಆಡಿದರು. ಆಮೇಲೆ ಸ್ಕಾಟ್ಲೆಂಡಿಗೆ ಹೋದರು. ಗ್ಲಾಸ್ಗೋ ಪಕ್ಕದ ಕೋಟ್‌ಬ್ರಿಜ್ ಎಂಬ ಊರಿನಲ್ಲಿ ಡ್ರಂಪೆಲಿಯರ್ ಅಂತ ಒಂದು ಕ್ಲಬ್ಬು. ಅದರ ವೃತ್ತಿಪರ ಆಟಗಾರರಾದರು. ಒಂದೆರಡು ವರ್ಷವಲ್ಲ, ದಶಕಗಟ್ಟಲೆ ಅಲ್ಲೇ ಆಡಿದರು. ನಲವತ್ತು ದಾಟಿದ ಮೇಲೆ, 1980ರ ದಶಕದ ಆರಂಭದಲ್ಲಿ, ಬೆನ್ಸನ್ ಅಂಡ್ ಹೆಜಸ್ ಕಪ್‌ನಲ್ಲಿ ಸ್ಕಾಟ್ಲೆಂಡ್ ತಂಡಕ್ಕೂ ಆಡಿದರು. ಅಲ್ಲೇ ಮನೆ, ಅಲ್ಲೇ ಸಂಸಾರ. 2006ರ ಜೂನ್ 23ರಂದು ಗ್ಲಾಸ್ಗೋದಲ್ಲೇ ತೀರಿಕೊಂಡರು. ಅರುವತ್ತಾರು ವರ್ಷ. ಇಂಜಿನಿಯರ್ ಕೂಡ ಲ್ಯಾಂಕಶೈರ್‌ಗೆ ಆಡುತ್ತಾ ಮ್ಯಾಂಚೆಸ್ಟರಿನಲ್ಲೇ ನೆಲೆನಿಂತರು. ಒಂದೇ ಸ್ಟಂಪಿನ ಹಿಂದೆ ಹಿಡಿಸದ ಇಬ್ಬರೂ ಕೊನೆಗೆ ಒಂದೇ ದ್ವೀಪದಲ್ಲಿ ಬದುಕಿದರು ನೋಡಿ!

ಡ್ರಂಪೆಲಿಯರ್ ಬಗ್ಗೆ ಮೊದಲು ಓದಿದಾಗ ಬೇಜಾರಾಯಿತು. ಬ್ರೆಬೋರ್ನ್ ಎಲ್ಲಿ, ಕೋಟ್‌ಬ್ರಿಜ್ ಎಲ್ಲಿ! ಮೋಡ, ಮಳೆ, ಚಳಿ. ನೋಡಲು ಬರುವವರು ಎಷ್ಟು ಮಂದಿಯೋ. ಎರಡನೇ ಸಲ ಓದಿದಾಗ ಬೇರೆ ಏನೋ ಹೊಳೆಯಿತು. ವಾರಾ ವಾರಾ ಆಟ. ತಂಡದ ಪಟ್ಟಿ ಹಾಕಿದಾಗ ತನ್ನ ಹೆಸರು ಇದೆಯೋ ಇಲ್ಲವೋ ಅಂತ ಬಗ್ಗಿ ನೋಡುವ ಕೆಲಸ ಇಲ್ಲ. ಯಾರದ್ದೋ ಬೆರಳು ಮುರಿಯಲಿ ಅಂತ ಮನಸ್ಸಿನ ಮೂಲೆಯಲ್ಲಿ ಕೂತ ಆ ಕೆಟ್ಟ ಆಸೆ ಇಲ್ಲ. (ಅದು ಇರುತ್ತದೆ ಸ್ವಾಮೀ. ಸ್ಟ್ಯಾಂಡ್‌ಬೈ ಆಗಿ ಕೂತವರಿಗೆ ಕೇಳಿ. ಪ್ರೈಮರಿಗೆ ಜ್ವರ ಅಂತ ಮೆಸೇಜ್ ಬಂದಾಗ 'ಬೇಗ ಗುಣವಾಗಲಿ' ಅಂತ ಟೈಪ್ ಮಾಡುವ ಕೈಗೂ ಒಳಗಿನ ಮನಸ್ಸಿಗೂ ಅರ್ಧ ಸೆಕೆಂಡಿನ ಅಂತರ ಇರುತ್ತದೆ. ಆ ಅರ್ಧ ಸೆಕೆಂಡು ನನಗೆ ಇಷ್ಟವಾಗುವುದಿಲ್ಲ.) ಆಡಬೇಕು ಅಂತ ಆಸೆಪಟ್ಟ ಮನುಷ್ಯ ಆಡಿದರು. ಇಲ್ಲಿ ಎರಡನೆಯವರಾಗಿ ಉಳಿದಿದ್ದರೆ ಸಿಗುತ್ತಿದ್ದ ಆಟಕ್ಕಿಂತ ಎಷ್ಟೋ ಪಾಲು ಹೆಚ್ಚು ಆಡಿದರು.

ಇದು ಸಮಾಧಾನದ ಮಾತು ಅಂತ ನೀವು ಹೇಳಬಹುದು. ದೊಡ್ಡ ಅಂಗಳದಲ್ಲಿ ಜಾಗ ಸಿಗದವನು ಸಣ್ಣ ಅಂಗಳವನ್ನು ಹೊಗಳುವುದು ಹಳೇ ಕತೆ. ಕುಂದರನ್ ಅವರಿಗೆ ಒಳಗೊಳಗೆ ಎಂತ ಅನಿಸಿತ್ತೋ ಅದು ಅವರ ಜೊತೆಗೇ ಹೋಯಿತು. ಅವರ ಪರವಾಗಿ 'ಅವರು ಸುಖವಾಗಿದ್ದರು' ಅಂತ ಬರೆಯುವ ಅಧಿಕಾರ ನನಗಿಲ್ಲ. 525 ರನ್ ಹೊಡೆದವನನ್ನು ಕೈಬಿಟ್ಟದ್ದು ಅನ್ಯಾಯ, ಅದಕ್ಕೆ ಗ್ಲಾಸ್ಗೋದ ಮಳೆ ಪರಿಹಾರ ಅಲ್ಲ. ಆದರೆ ಅನ್ಯಾಯ ಆದ ಮೇಲೂ ಮನುಷ್ಯನಿಗೆ ಒಂದು ಬದುಕು ಬಾಕಿ ಇರುತ್ತದಲ್ಲ, ಅದನ್ನು ಕಾಯುತ್ತಾ ಕಳೆಯಬೇಕಾ, ಆಡುತ್ತಾ ಕಳೆಯಬೇಕಾ ಎಂಬುದು ಬೇರೆ ಪ್ರಶ್ನೆ.

ನನ್ನ ಮುಂದೆಯೂ ಅಂಥದ್ದೊಂದು ಕಾಗದ ಬಂದು ಕೂತಿದೆ. ಮಂಗಳೂರಿನಲ್ಲಿ ಒಂದು ಪುಟ್ಟ ಕಂಪನಿ, ಹದಿನಾಲ್ಕು ಜನ. ಅಡಿಕೆ, ಕಾಳುಮೆಣಸು ವ್ಯಾಪಾರದ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುತ್ತಾರೆ. ಸಂಬಳ ಈಗಿನದ್ದಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮದುವೆಗೆ ಹೆಣ್ಣು ನೋಡುವ ಹೊತ್ತಿನಲ್ಲಿ 'ಹುಡುಗ ಯಾವ ಕಂಪನಿ' ಅಂತ ಕೇಳಿದರೆ ಅಮ್ಮ ಎರಡು ಸಲ ಹೇಳಬೇಕಾದೀತು. ಆದರೆ ಅಲ್ಲಿ ಪ್ರೈಮರಿ ನಾನೇ. ಸೆಕೆಂಡರಿಯೂ ನಾನೇ, ಹ್ಹ ಹ್ಹ. ಸರ್ವರ್ ಬಿದ್ದರೆ ಎತ್ತಬೇಕಾದವನು ನಾನು, ಎತ್ತದಿದ್ದರೆ ಬೈಗುಳ ತಿನ್ನಬೇಕಾದವನೂ ನಾನು. ಹಿಂದೆ ಯಾರೂ ಇರುವುದಿಲ್ಲ. ಅದೊಂದು ನಿಜವಾಗಿ ಹೆದರಿಸುತ್ತದೆ. ಮೂರು ವರ್ಷ ಕಾದು ಕೂತು, ನಿಜವಾಗಿ ಚೆಂಡು ಬಂದಾಗ ಹಿಡಿಯಲು ಬರುತ್ತದೋ ಇಲ್ಲವೋ ನೋಡಿದವರಿಲ್ಲವಲ್ಲ.

ಮಾವನಿಗೆ ಫೋನ್ ಮಾಡಿ ಹೇಳಿದೆ. ಸಂಬಳದ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲಿ ನಿನಗೆ ಕೆಲಸ ಉಂಟಾ?" ಅಂತ ಕೇಳಿದರು.

"ಉಂಟು ಮಾವ. ತುಂಬ ಉಂಟು."

"ಹಾಂ, ಹಾಗಾದ್ರೆ ಯೋಚನೆ ಮಾಡು" ಅಂದರು. ಬಾ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಶುಕ್ರವಾರದೊಳಗೆ ಉತ್ತರ ಕೊಡಬೇಕು. ಇವತ್ತು ಮಂಗಳವಾರ. ಈ ವಾರ ಸೆಕೆಂಡರಿ ನಾನೇ, ಫೋನು ಪಕ್ಕದಲ್ಲೇ ಇದೆ.

ಮೂಲ್ಕಿ ಕಡೆಯ ಹಿರಿಯರು, ಕುಂದರನ್ ಅವರ ಆಟವನ್ನು ಕಣ್ಣಾರೆ ಕಂಡವರು ನಿಮಗೆ ಯಾರಾದರೂ ಗೊತ್ತಿದ್ದರೆ ತಿಳಿಸಿ. 192ರ ಬಗ್ಗೆ ಅಲ್ಲ, ಅದು ಪುಸ್ತಕದಲ್ಲಿದೆ. ಹೊರಗೆ ಕೂತ ದಿನಗಳಲ್ಲಿ ಅವರು ಹೇಗಿರುತ್ತಿದ್ದರು ಅಂತ ಯಾರಾದರೂ ನೋಡಿದ್ದರೆ, ಅದನ್ನು ಕೇಳಬೇಕು ನನಗೆ.